ಅನ್ನವಿದ್ದವರ ಉಪವಾಸ, ಅನ್ನವಿಲ್ಲದವರ ಉಳಿತಾಯ

ಚತುರ್ದಶಿಯ ದಿನವನ್ನು ಮನೆಯಲ್ಲಿಯೋ ಬಸದಿಯಲ್ಲಿಯೋ ಸ್ವಾಧ್ಯಾಯದಲ್ಲಿ ಕಳೆಯಬೇಕಾದವನು ಪ್ರಯಾಣದಲ್ಲಿದ್ದೆನೆಂಬುದೇ ಒಂದು ದೋಷ. ಅದನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇನೆ. ಬಂಧುವೊಬ್ಬರ ಶೇಂಗಾ ವ್ಯಾಪಾರದ ಲೆಕ್ಕಪತ್ರಗಳನ್ನು ನೋಡಿಕೊಡುವ ಸಲುವಾಗಿ ಚಳ್ಳಕೆರೆಗೆ ಹೋಗಿದ್ದೆ. ಸಂಜೆ ಅವರೊಡನೆ ಸಮೀಪದ ಹಳ್ಳಿಯೊಂದಕ್ಕೆ ಹೋಗಬೇಕಾಯಿತು. ಅಲ್ಲಿ ಗುಡಿಯ ಜಗಲಿಯ ಮೇಲೆ ಹದಿನೈದು ಮಂದಿ ಹೆಂಗಸರು ದುಂಡಗೆ ಕುಳಿತು ವಾರದ ಉಳಿತಾಯದ ಹಣವನ್ನು ಕೂಡಿಸುತ್ತಿದ್ದರು. ತಲೆಗೆ ಇಪ್ಪತ್ತು ರೂಪಾಯಿ. ಓದುಬರಹ ಬಲ್ಲ ಹುಡುಗಿಯೊಬ್ಬಳು ಪ್ರತಿಯೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದಿ, ಅವರವರ ಪುಸ್ತಕದಲ್ಲಿ ಬರೆದು, ಬರೆದುದನ್ನು ಮತ್ತೊಮ್ಮೆ ಓದಿ ಹೇಳುತ್ತಿದ್ದಳು.

ನಮಗೆ ಚಹಾ ಬಂತು. ನಾನು ಕೈಮುಗಿದು, ಈ ದಿನ ಉಪವಾಸ, ನೀರನ್ನೂ ತೆಗೆದುಕೊಳ್ಳುವುದಿಲ್ಲವೆಂದೆ. ಲೋಟ ಹಿಡಿದು ನಿಂತಿದ್ದ ವಯಸ್ಸಾದ ತಾಯಿಯೊಬ್ಬರು ನನ್ನನ್ನು ಒಂದು ಕ್ಷಣ ನೋಡಿದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬ ಕುತೂಹಲವಿತ್ತು:

"ಮನೇಲಿ ಇಟ್ಕಂಡು ಉಣ್ಣದಿದ್ರೆ ಅದು ಉಪಾಸ ಅಂತೀರಿ ಸಾಮಿ. ನಮ್ದು ಇಲ್ದೆ ಉಣ್ಣದಿದ್ದುದ್ದು. ಅದುಕ್ಕೆ ನಿಮ್ ಶಾಸ್ತ್ರದಾಗೆ ಏನಂತ ಹೆಸ್ರು?"

ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ವ್ರತೋಪವಾಸಗಳ ವಿಚಾರಕ್ಕೇ ಮೀಸಲಾದ ಈ ಪತ್ರಿಕೆಯ ವಾಚಕರ ಮುಂದೆ ಆ ತಾಯಿಯ ಪ್ರಶ್ನೆಯನ್ನಿಟ್ಟು, ನನಗೆ ತೋರಿದುದನ್ನು ನಿವೇದಿಸುವುದು ಈ ಲೇಖನದ ಉದ್ದೇಶ.

ಆ ಸೀಮೆಯನ್ನು ಬಲ್ಲವರಿಗೆ ಪ್ರಶ್ನೆಯ ತೂಕ ತಾನಾಗಿಯೇ ತಿಳಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಈಶಾನ್ಯಕ್ಕೆ ಚಾಚಿಕೊಂಡು, ಆಂಧ್ರದ ಗಡಿಗೆ ತಾಗಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ನಾಡಿನಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ಚಳ್ಳಕೆರೆಗೆ ಎಣ್ಣೆಯ ಊರೆಂದೇ ಹೆಸರು. ಶೇಂಗಾ ಎಣ್ಣೆಯ ಗಿರಣಿಗಳಿಂದ ಬಂದ ಹೆಸರದು. ಆದರೆ ಗಿರಣಿಗೆ ಕಾಯಿ ಒದಗಿಸುವ ರೈತನು ಮಳೆಯನ್ನೇ ನಂಬಿದವನು. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಕೈಗೆ ಬರುವುದು ದೀಪಾವಳಿಯ ಆಸುಪಾಸಿಗೆ. ವರ್ಷಕ್ಕೆ ಒಂದೇ ಬೆಳೆ. ಬೀಜಕ್ಕೇ ದೊಡ್ಡ ಖರ್ಚು. ಬಿತ್ತನೆಗೆ ಮುಂಗಡ ಕೊಟ್ಟವನು ಕೊಯ್ಲಿಗೆ ಬಂದು ತಾನು ಹೇಳಿದ ದರಕ್ಕೆ ಒಯ್ದರೆ ಎದುರಾಡುವಂತಿಲ್ಲ. ನಡುವೆ ಒಂದು ಮಳೆ ತಪ್ಪಿದರೆ ಮುಂಗಡವು ಸಾಲವಾಗುತ್ತದೆ, ಸಾಲವು ಬಡ್ಡಿಯನ್ನು ಹಡೆಯುತ್ತದೆ. ಮೊಳಕಾಲ್ಮೂರಿನ ರೇಷ್ಮೆಯ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂರುವ ನೇಕಾರರಲ್ಲಿ ಹಲವರಿಗೆ ನೂಲು ಸಾಹುಕಾರನದು, ಸೀರೆಯೂ ಸಾಹುಕಾರನದು, ತಮ್ಮದೆಂಬುದು ಮಜೂರಿ ಮಾತ್ರ. ಕುರಿಯ ಉಣ್ಣೆಯಿಂದ ಕಂಬಳಿ ನೇಯುವವರ ಪಾಡೂ ಇಂಥದೇ. 2010ರ ಆಸುಪಾಸಿನಲ್ಲಿ ಚಳ್ಳಕೆರೆ ಬಳಿಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ನೆಲವು ರಕ್ಷಣೆ, ಬಾಹ್ಯಾಕಾಶ ಮತ್ತು ಅಣುವಿಜ್ಞಾನದ ಸಂಸ್ಥೆಗಳಿಗೆ ಹಂಚಿಕೆಯಾದ ಮೇಲೆ ಕುರಿಗಳಿಗೆ ಮೇವಿನ ಬಯಲೂ ಕುಗ್ಗಿತು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಇಲ್ಲದ ಕಾರಣ ಉಣ್ಣದಿರುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ. ಅಕಾಮನಿರ್ಜರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ದೇವಾಯುವಿನ ಆಸ್ರವಕ್ಕೆ ಕಾರಣಗಳನ್ನು ಹೇಳುವಲ್ಲಿ ಈ ಮಾತು ಬರುತ್ತದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಸೆರೆಯಲ್ಲಿರುವವನ, ಕಟ್ಟಿಹಾಕಲ್ಪಟ್ಟವನ ಉದಾಹರಣೆಯನ್ನು ಕೊಡುತ್ತಾರೆ. ಅವನು ಹಸಿವು ನೀರಡಿಕೆಗಳನ್ನು ತಡೆದುಕೊಳ್ಳುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಮೈಯ ಕೊಳೆಯನ್ನು ಸಹಿಸುತ್ತಾನೆ. ಯಾವುದನ್ನೂ ತಾನು ಬಯಸಿ ಮಾಡುವುದಿಲ್ಲ. ಆಚಾರ್ಯರು ಬಡವನ ಉದಾಹರಣೆಯನ್ನು ಕೊಡದೆ ಸೆರೆಯಾಳಿನ ಉದಾಹರಣೆಯನ್ನು ಕೊಟ್ಟಿರುವುದು ನನ್ನನ್ನು ಬಹಳ ಕಾಲ ಯೋಚಿಸುವಂತೆ ಮಾಡಿದೆ. ಬಡತನವೂ ಒಂದು ಬಂಧನವೆಂದು ಅದರಿಂದಲೇ ತಿಳಿಯಬಹುದಲ್ಲವೇ?

ಆದರೆ ಇಲ್ಲೊಂದು ಅಪಾಯವಿದೆ. ಹಸಿದವನಿಗೂ ಹೇಗೋ ನಿರ್ಜರೆಯಾಗುತ್ತದೆಯಲ್ಲಾ, ನಾವೇಕೆ ಚಿಂತಿಸಬೇಕೆಂದು ಕೈಕಟ್ಟಿ ಕೂರುವವರಿದ್ದಾರೆ. ಬಡತನವು ಲಾಭಾಂತರಾಯ ಕರ್ಮದ ಉದಯ, ಅದನ್ನು ತಪ್ಪಿಸಲು ನಾವಾರು ಎನ್ನುವವರೂ ಉಂಟು. ಸ್ವಾಧ್ಯಾಯದ ಗೋಷ್ಠಿಗಳಲ್ಲಿ ಈ ಮಾತನ್ನು ನಾನೇ ಕೇಳಿದ್ದೇನೆ, ಹಿಂದೊಮ್ಮೆ ಆಡಿದ್ದೇನೆ ಕೂಡ. ಕರ್ಮಸಿದ್ಧಾಂತವನ್ನು ಹೀಗೆ ಅರ್ಧಕ್ಕೆ ಓದಿ ನಿಲ್ಲಿಸಬಾರದು. ಅಂತರಾಯ ಕರ್ಮವು ಹೇಗೆ ಕಟ್ಟಿಕೊಳ್ಳುತ್ತದೆಂಬುದನ್ನೂ ಅದೇ ಅಧ್ಯಾಯ ಹೇಳುತ್ತದೆ: ಇನ್ನೊಬ್ಬರ ದಾನಕ್ಕೆ, ಲಾಭಕ್ಕೆ, ಭೋಗಕ್ಕೆ ವಿಘ್ನವನ್ನು ಒಡ್ಡುವುದರಿಂದ. ಅವರ ಉದಯವನ್ನು ನೋಡಿ ತತ್ತ್ವ ಹೇಳುವವನು ತನ್ನ ಬಂಧವನ್ನು ಮರೆತಿರುತ್ತಾನೆ. ಮೇಲಾಗಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕಡೆಯದು ಅನ್ನಪಾನನಿರೋಧ. ತನ್ನ ಅಧೀನದಲ್ಲಿರುವ ಜೀವಕ್ಕೆ ಅನ್ನನೀರು ತಪ್ಪಿಸಿದವನು, ಆ ಜೀವಕ್ಕೆ ಅದರಿಂದ ನಿರ್ಜರೆಯಾಯಿತೆಂದು ಹೇಳಿ ಪಾರಾಗುವಂತಿಲ್ಲ.

ಉಪವಾಸ ಮತ್ತು ಹಸಿವುಗಳ ನಡುವಣ ಅಂತರವು ಹೊಟ್ಟೆಗೆ ತಿಳಿಯುವುದಿಲ್ಲ. ಎರಡರಲ್ಲಿಯೂ ಹೊಟ್ಟೆ ಒಂದೇ ಬಗೆಯಾಗಿ ಉರಿಯುತ್ತದೆ. ಅಂತರವಿರುವುದು ಸಂಕಲ್ಪದಲ್ಲಿ, ಮತ್ತು ನಾಳೆಯ ಪಾರಣೆಯ ಭರವಸೆಯಲ್ಲಿ. ಭರವಸೆಯಿಲ್ಲದವನಿಗೆ ಸಂಕಲ್ಪದ ಅವಕಾಶವೇ ಇಲ್ಲ. ತ್ಯಜಿಸಲು ಏನಾದರೂ ಇದ್ದವನು ಮಾತ್ರ ತ್ಯಾಗಿಯಾಗಬಲ್ಲನು.

ಇದು ನನ್ನ ಕಲ್ಪನೆಯಲ್ಲ, ನಮ್ಮ ಪರಂಪರೆಯ ಅತಿ ದೊಡ್ಡ ವಲಸೆಯ ಕಥೆಯೇ ಇದನ್ನು ಹೇಳುತ್ತದೆ. ಮಗಧದಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರಲಿದೆಯೆಂದು ನಿಮಿತ್ತದಿಂದ ಅರಿತ ಭದ್ರಬಾಹು ಸ್ವಾಮಿಗಳು ಸಂಘವನ್ನು ದಕ್ಷಿಣಕ್ಕೆ ಕಳುಹಿಸಿದ, ಚಂದ್ರಗುಪ್ತ ಮೌರ್ಯನು ದೀಕ್ಷೆ ಪಡೆದು ಕಳ್ವಪ್ಪು ಬೆಟ್ಟದಲ್ಲಿ ಸಮಾಧಿಯನ್ನು ಹೊಂದಿದ ವೃತ್ತಾಂತವು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಸರ್ವಸಂಗವನ್ನೂ ತೊರೆದ ಮುನಿಗಳು ಕ್ಷಾಮಕ್ಕೆ ಏಕೆ ಅಂಜಬೇಕಾಗಿತ್ತೆಂದು ಬಾಲ್ಯದಲ್ಲಿ ನನ್ನ ಅಜ್ಜಿಯನ್ನು ಕೇಳಿದ್ದೆ. ಮುನಿಗಳ ವ್ರತವು ಶ್ರಾವಕನ ಕಣಜದ ಮೇಲೆ ನಿಂತಿದೆಯಪ್ಪಾ ಎಂದಿದ್ದರು ಅವರು. ಶ್ರಾವಕನ ಒಲೆ ಆರಿದರೆ ಆಹಾರದಾನವಿಲ್ಲ. ಆಹಾರದ ವಿಧಿ ಕೆಟ್ಟರೆ ಮುನಿಚರ್ಯೆಗೆ ಶೈಥಿಲ್ಯ. ಉತ್ತರದಲ್ಲಿ ಉಳಿದ ಸಂಘದಲ್ಲಿ ಆಚಾರವು ಸಡಿಲಗೊಂಡಿತೆಂದು ನಮ್ಮ ಕಥೆಗಳು ಹೇಳುವುದು ಈ ಕಾರಣಕ್ಕೇ. ಮಹಾವ್ರತಗಳೇ ಗೃಹಸ್ಥನ ಸ್ಥಿರತೆಯನ್ನು ಬೇಡುವಾಗ ಗೃಹಸ್ಥನ ಅಣುವ್ರತಗಳ ಮಾತೇನು?

ಚಂದ್ರಗುಪ್ತನ ಮೊಮ್ಮಗ ಅಶೋಕನ ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇವೆಯೆಂಬುದು ವಾಚಕರಿಗೆ ನೆನಪಿರಬಹುದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಯ ಬಂಡೆಗಳ ಮೇಲಿನ ಬರಹಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಅಶೋಕನ ಧರ್ಮ ಬೇರೆಯದು, ನಿಜ. ಆದರೆ ಆ ಬಂಡೆಯ ಮಾತಿನ ತಾತ್ಪರ್ಯವೊಂದು ಇಲ್ಲಿಗೆ ಒಪ್ಪುತ್ತದೆ: ಶ್ರಮಿಸಿದರೆ ಸದ್ಗತಿಯು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದೊರೆಯುವಂಥದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈ ಒಣನೆಲದ ಜನಕ್ಕೆ ಆ ಮಾತನ್ನು ಕಲ್ಲಿನಲ್ಲಿ ಕೊರೆದು ಹೇಳಬೇಕಾಯಿತು!

ಜಗಲಿಯ ಮೇಲೆ ನಾನು ಕಂಡ ಸಣ್ಣವರ ಶ್ರಮವನ್ನು ಈಗ ನೋಡೋಣ. ಹದಿನೈದು ಮಂದಿ, ತಲೆಗೆ ಇಪ್ಪತ್ತು ರೂಪಾಯಿ, ವಾರಕ್ಕೆ 300. ವರ್ಷಕ್ಕೆ 15,600. ಪೇಟೆಯಲ್ಲಿ ಒಂದು ವ್ರತೋದ್ಯಾಪನೆಯ ಊಟದ ಖರ್ಚಿಗೂ ಇದು ಸಾಲದು. ಆದರೆ ಆ ಹಣವು ಪೆಟ್ಟಿಗೆಯಲ್ಲಿ ಮಲಗಿರುವುದಿಲ್ಲ. ಒಬ್ಬಳಿಗೆ ಮಗನ ಶಾಲೆಯ ಶುಲ್ಕಕ್ಕೆ, ಇನ್ನೊಬ್ಬಳಿಗೆ ಬೀಜಕ್ಕೆ, ಮತ್ತೊಬ್ಬಳಿಗೆ ಹೆರಿಗೆಯ ಖರ್ಚಿಗೆ ಸಾಲವಾಗಿ ತಿರುಗುತ್ತಿರುತ್ತದೆ. ಊರಿನಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯೆಂದರೆ ಹತ್ತು ಸಾವಿರಕ್ಕೆ ವರ್ಷಕ್ಕೆ 3,600 ರೂಪಾಯಿ ಮನೆಯಿಂದ ಹೊರಗೆ ಹೋಯಿತು. ಸಂಘದಲ್ಲಿ ಎರಡು ರೂಪಾಯಿ ಬಡ್ಡಿಯೆಂದರೂ 2,400. ಅದೂ ಸಣ್ಣ ಮೊತ್ತವಲ್ಲ, ನಾನು ಸಮರ್ಥಿಸುತ್ತಿಲ್ಲ. ಆದರೆ ಅದು ಅವರದೇ ಪೆಟ್ಟಿಗೆಗೆ ಬಂದು ಬೀಳುತ್ತದೆ. ಕೊಟ್ಟವಳೂ ಪಡೆದವಳೂ ಒಂದೇ ಚಾಪೆಯ ಮೇಲಿದ್ದಾರೆ.

ಈ ಮಾರ್ಗ ನಮ್ಮ ನಾಡಿಗೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದುದು ಬಡ್ಡಿಯ ಬಾಯಿಂದ ರೈತನನ್ನು ಬಿಡಿಸುವುದಕ್ಕಾಗಿ. ಮುಂದೆ ಸಹಕಾರ ಸಂಘಗಳು ದೊಡ್ಡವಾದವು. ದೊಡ್ಡವಾದ ಮೇಲೆ ದೊಡ್ಡವರ ಪಾಲಾದುದೂ ಉಂಟು. 1984-85ರ ಸುಮಾರಿಗೆ, ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ಒಡೆದುಹೋದ ಅಂಥ ಸಹಕಾರ ಸಂಘಗಳ ಸದಸ್ಯರು, ಪರಸ್ಪರ ನಂಬಿಕೆಯಿದ್ದ ಹತ್ತಿಪ್ಪತ್ತು ಜನರ ಪುಟ್ಟ ಗುಂಪುಗಳಾಗಿ ತಾವೇ ಕೂಡಿಕೊಂಡರು. ನಬಾರ್ಡ್ 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು.

ನಮ್ಮವರಿಗೆ ಇನ್ನೂ ಹತ್ತಿರದ ಉದಾಹರಣೆ ಧರ್ಮಸ್ಥಳದ್ದು. ಅನ್ನ, ಔಷಧ, ವಿದ್ಯೆ, ಅಭಯವೆಂಬ ಚತುರ್ವಿಧ ದಾನಕ್ಕೆ ಹೆಸರಾದ ಆ ಕ್ಷೇತ್ರದ ಧರ್ಮಾಧಿಕಾರಿಗಳಾದ ಶ್ರೀ ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗ್ರಾಮಾಭಿವೃದ್ಧಿ ಯೋಜನೆಯನ್ನು ಆರಂಭಿಸಿದರು. ಅದು ಇಂದು ನಾಡಿನ ಎಲ್ಲ ಕಡೆಗೂ ಹಬ್ಬಿದೆ. ಅದರ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಒಬ್ಬರ ಹೊಲದಲ್ಲಿ ಒಬ್ಬರು ದುಡಿಯುತ್ತಾರೆ. ಹಣವಿಲ್ಲದವನ ಬಳಿ ದುಡಿಮೆಯಿದೆ. ಅದನ್ನೇ ಮುಯ್ಯಿಯಾಗಿ ಕೂಡಿಡುವ ಉಪಾಯ. ದಾನದ ಪರಂಪರೆಯುಳ್ಳ ಸ್ಥಳವೊಂದು ಬರಿಯ ದಾನದಿಂದ ಮುಂದೆ ನಡೆದುದನ್ನು ನಾವು ಗಮನಿಸಬೇಕು. ದಾನವು ಪಡೆದವನ ಕೈಯನ್ನು ಕೆಳಗೇ ಇರಿಸುತ್ತದೆ.

ವಾರದ ಇಪ್ಪತ್ತು ರೂಪಾಯಿಯನ್ನು ವ್ರತವೆನ್ನಬಹುದೇ? ಅನ್ನಬಹುದೆಂದೇ ನನ್ನ ಅಭಿಪ್ರಾಯ. ವ್ರತಕ್ಕೆ ಸಂಕಲ್ಪ ಬೇಕು, ಕಾಲನಿಯಮ ಬೇಕು, ಪ್ರಮಾಣ ಬೇಕು, ಸಾಕ್ಷಿ ಬೇಕು. ತಪ್ಪಿದರೆ ಒಪ್ಪಿಕೊಂಡು ಸರಿಪಡಿಸಿಕೊಳ್ಳುವ ಕ್ರಮ ಬೇಕು. ಆ ಜಗಲಿಯ ಮೇಲೆ ಇವೆಲ್ಲವೂ ಇದ್ದವು. ಹಿಂದಿನ ವಾರ ಹಣ ತರದಿದ್ದವಳು ಎದ್ದು ನಿಂತು ಕಾರಣ ಹೇಳಿ, ಎರಡು ರೂಪಾಯಿ ದಂಡ ಕೊಟ್ಟು ಕುಳಿತಳು. ನಮ್ಮ ಪ್ರತಿಕ್ರಮಣವು ಎಷ್ಟೋ ವೇಳೆ ಇದಕ್ಕಿಂತ ಯಾಂತ್ರಿಕವಾಗಿರುತ್ತದೆ. ಅವರು ತೊರೆಯುವುದೇನು? ಒಂದು ಲೋಟ ಚಹಾ, ಸಂತೆಯಲ್ಲಿ ಮಗು ಕೇಳಿದ ತಿಂಡಿ, ತಮ್ಮ ಎಲೆ ಅಡಿಕೆ. ಊನೋದರವೆಂಬ ಬಾಹ್ಯತಪಸ್ಸಿಗೆ ಇದು ಎಷ್ಟು ದೂರ? ಸಮ್ಯಕ್ತ್ವವಿಲ್ಲದೆ ವ್ರತವಿಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಅವರ ಮಾತು ಸಿದ್ಧಾಂತಕ್ಕೆ ಸರಿ. ಮೋಕ್ಷಮಾರ್ಗದ ಲೆಕ್ಕದಲ್ಲಿ ಅದನ್ನು ಎಲ್ಲಿ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ನಿನ್ನೆ ಅಕಾಮವಾಗಿದ್ದ ಹಸಿವು ಇಂದು ತಾನೇ ಇಚ್ಛಿಸಿ ಉಳಿಸಿದ ಒಂದು ತುತ್ತಾಗಿ ಮಾರ್ಪಟ್ಟಿತೆಂಬುದಷ್ಟೇ ನನ್ನ ಮಾತು.

ಉಳಿತಾಯವು ಪರಿಗ್ರಹವಲ್ಲವೇ, ಬಡವರಿಗೆ ಕೂಡಿಡುವುದನ್ನು ಕಲಿಸಿ ಲೋಭವನ್ನು ಬೆಳೆಸಬೇಕೇ ಎಂದು ಕೇಳುವವರೂ ಇದ್ದಾರೆ. ಮೂರ್ಛೆಯೇ ಪರಿಗ್ರಹವೆಂದು ಸೂತ್ರಕಾರರು ಹೇಳಿದ್ದಾರೆ. ವಸ್ತುವಿಗಿಂತ ಮಮತ್ವ ಮುಖ್ಯ. ಶ್ರಾವಕನಿಗೆ ವಿಧಿಸಿದ್ದು ಪರಿಗ್ರಹದ ಪರಿಮಾಣವನ್ನು. ಪರಿಮಾಣವೆಂದರೆ ಅಳತೆ. ಅಳೆಯಲು ಏನಾದರೂ ಇರಬೇಕು. ಬಿತ್ತನೆಗೆ ಬೀಜ, ಬೇನೆಗೆ ಔಷಧ, ಬರಗಾಲಕ್ಕೆ ಮೂರು ತಿಂಗಳ ಕಾಳು, ಇಷ್ಟನ್ನು ಬಯಸುವವಳಿಗೆ ಅಪರಿಗ್ರಹವನ್ನು ಉಪದೇಶಿಸುವ ಅರ್ಹತೆ ತಿಜೋರಿಯ ಬೀಗದ ಕೈ ಸೊಂಟದಲ್ಲಿರುವವನಿಗೆ ಎಲ್ಲಿಂದ ಬರಬೇಕು!

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಪೂರ್ಣವಾಗುವುದಿಲ್ಲ. ಬಡವರ ಉಳಿತಾಯವನ್ನು ಕಂಡು ಸಾಲ ಕೊಡುವವರು ಹಳ್ಳಿಗೆ ಸಾಲುಸಾಲಾಗಿ ಬಂದರು. ಬೆಳಗಿನ ಸಾಲ, ವಾರದ ಸಾಲ, ಹದಿನೈದು ದಿನದ ಸಾಲ. ಒಬ್ಬನ ಕಂತು ಕಟ್ಟಲು ಇನ್ನೊಬ್ಬನಲ್ಲಿ ಸಾಲ. ಕಂತಿನ ದಿನ ಬಾಗಿಲ ಮುಂದೆ ಕೂತು ಏಳದ ವಸೂಲಿಗಾರರು. ನಾಡಿನ ಹಲವೆಡೆ ಜನ ಊರು ಬಿಟ್ಟರು, ಕೆಲವರು ಪ್ರಾಣವನ್ನೇ ಬಿಟ್ಟರು. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಹತ್ತು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ ಅದರಲ್ಲಿದೆ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧಕ್ಕೆ ಹಿಂದಿನದು ಅತಿಭಾರಾರೋಪಣ. ನ್ಯಾಯವಾದ ಹೊರೆಗಿಂತ ಹೆಚ್ಚನ್ನು ಹೊರಿಸುವುದು. ವ್ಯಾಖ್ಯಾನಕಾರರು ಇದನ್ನು ಎತ್ತು ಮೊದಲಾದ ಜೀವಗಳನ್ನು ಮನಸ್ಸಿನಲ್ಲಿಟ್ಟು ಹೇಳಿದ್ದಾರೆ. ಗಾಡಿಗೆ ಎಷ್ಟು ಹೇರಬೇಕೆಂದು ನಮ್ಮ ಹಿರಿಯರು ಅಳೆದು ನೋಡುತ್ತಿದ್ದರು. ಮನುಷ್ಯನ ಬೆನ್ನಿಗೆ ಸಾಲ ಹೇರುವಾಗ ಅಳತೆಯುಂಟೇ? ರಿಸರ್ವ್ ಬ್ಯಾಂಕು 2022ರಲ್ಲಿ ಒಂದು ಅಳತೆಯನ್ನು ಗೊತ್ತುಪಡಿಸಿತು: ವರ್ಷಕ್ಕೆ ಮೂರು ಲಕ್ಷದೊಳಗೆ ವರಮಾನವಿರುವ ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದು. ಮಿತಿಯೊಂದು ಇರುವುದು ಒಳ್ಳೆಯದೇ. ಆದರೆ ನನ್ನ ಸಂಶಯ ಅರ್ಧದ ಮೇಲೆಯೇ. ವರ್ಷಕ್ಕೊಂದು ಬೆಳೆಯ ನಾಡಿನಲ್ಲಿ ತಿಂಗಳ ವರಮಾನವೆಂದರೆ ಯಾವ ತಿಂಗಳದು, ಕಾರ್ತಿಕದ್ದೋ ಜ್ಯೇಷ್ಠದ್ದೋ? ಜ್ಯೇಷ್ಠದಲ್ಲಿ ಅರ್ಧ ಕೊಟ್ಟವಳ ಮನೆಯಲ್ಲಿ ಅನ್ನಪಾನನಿರೋಧವು ತಾನೇ ಬಂದು ಕೂರುತ್ತದೆ. ಅತಿಭಾರದ ಬೆನ್ನಿಗೇ ಅನ್ನನಿರೋಧವನ್ನು ಹೇಳಿದ ಸೂತ್ರಕಾರರ ಕ್ರಮವು ಎಷ್ಟು ಸೂಕ್ಷ್ಮವಾಗಿದೆ!

ಹೊರಗಿನವರನ್ನಷ್ಟೇ ದೂರಿ ಫಲವಿಲ್ಲ. ಸಂಘವೂ ಹಿಂಸೆ ಮಾಡಬಲ್ಲದು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರಿಗೆ ಸಾಲ ನಿಲ್ಲುತ್ತದೆ. ಆಗ ನೆರೆಯವರೇ ಅವಳ ಬಾಗಿಲಿಗೆ ಹೋಗಿ ಕೂರುತ್ತಾರೆ, ನೀರಿನ ನಲ್ಲಿಯ ಹತ್ತಿರ ಮಾತು ಬಿಡುತ್ತಾರೆ, ಮಗಳ ಮದುವೆಯ ಮಾತಿಗೆ ಬಂದವರ ಕಿವಿಗೆ ಸುದ್ದಿ ಹಾಕುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪರಿವಾದ, ಪೈಶುನ್ಯಗಳನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಅವಳು ಸಾಲ ಕಟ್ಟಿಲ್ಲವೆಂಬುದು ಸತ್ಯವೇ. ಆದರೂ ಅದನ್ನು ಬೀದಿಗೆ ತಂದದ್ದು ಸತ್ಯವ್ರತಕ್ಕೆ ಕಳಂಕ. ನಂಬಿಕೆಯ ಮೇಲೆ ನಿಂತ ಸಂಘಕ್ಕೆ ನಾಚಿಕೆಯೇ ಜಾಮೀನಾದರೆ ಬಡ್ಡಿಯ ಸಾಹುಕಾರನಿಗೂ ಅದಕ್ಕೂ ಭೇದ ಉಳಿಯುವುದು ಕಷ್ಟ.

ನ್ಯಾಸಾಪಹಾರವೆಂಬ ಇನ್ನೊಂದು ಅತಿಚಾರವನ್ನು ಪೂಜ್ಯಪಾದರು ವಿವರಿಸಿರುವ ರೀತಿ ವಿಸ್ಮಯ ತರುತ್ತದೆ. ಒತ್ತೆಯಿಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಒಪ್ಪಿ ಕೊಟ್ಟುಬಿಡುವುದು ನ್ಯಾಸಾಪಹಾರ. ಕಸಿದದ್ದಿಲ್ಲ, ಸುಳ್ಳು ಪತ್ರ ಬರೆದದ್ದಿಲ್ಲ. ಮರೆತವನ ಮರೆವನ್ನು ತಿದ್ದಲಿಲ್ಲ, ಅಷ್ಟೇ. ಓದಲು ಬಾರದ ಹೆಂಗಸಿನ ಪುಸ್ತಕದಲ್ಲಿ ಬರೆಯುವ ಪ್ರತಿಯೊಬ್ಬರಿಗೂ ಈ ಮಾತು ಅನ್ವಯಿಸುತ್ತದೆ. ಬರೆದುದನ್ನು ಎರಡನೆಯ ಬಾರಿ ಗಟ್ಟಿಯಾಗಿ ಓದುತ್ತಿದ್ದ ಆ ಹುಡುಗಿಗೆ ಸರ್ವಾರ್ಥಸಿದ್ಧಿಯ ಹೆಸರೂ ಗೊತ್ತಿರಲಾರದು.

ಮೊಳಕಾಲ್ಮೂರಿನ ಮಾತು ಬಂದಾಗ ನಮ್ಮವರ ಮನಸ್ಸಿನಲ್ಲಿ ಏಳುವ ಸಂಕೋಚವನ್ನು ಮರೆಮಾಚಬಾರದು. ರೇಷ್ಮೆಯೆಂದರೆ ಕುದಿಯುವ ನೀರಿನಲ್ಲಿ ಬೆಂದ ಜೀವಗಳು. ಅಂಥ ವೃತ್ತಿಗೆ ಶ್ರಾವಕನ ಹಣ ಸಲ್ಲಬಹುದೇ? ನಾನು ರೇಷ್ಮೆಯ ಬಟ್ಟೆ ಕೊಳ್ಳುವುದನ್ನು ಬಿಟ್ಟು ಹಲವು ವರ್ಷಗಳಾದುವು. ಆ ನಿಯಮದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆದರೆ ಮೊಳಕಾಲ್ಮೂರಿನ ಮಗ್ಗದ ಮುಂದೆ ನಿಂತಾಗ ಅನ್ನಿಸಿತು: ನನ್ನಂಥ ಸಾವಿರ ಜನ ರೇಷ್ಮೆ ಬಿಟ್ಟರೆ ಹುಳು ಉಳಿಯಬಹುದು, ಈ ನೇಕಾರನ ಮಜೂರಿಯೂ ನಿಲ್ಲುತ್ತದೆ. ತ್ಯಾಗ ನನ್ನದು, ಅದರ ಬೆಲೆ ಕೊಡುವವನು ಅವನು. ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ಭೇದಗಳನ್ನು ನಮ್ಮವರು ಮಾಡಿದ್ದಾರೆ. ನೂಲನ್ನು ನೇಯುವವನದು ಹೆಚ್ಚೆಂದರೆ ಉದ್ಯೋಗೀ; ಬೇರೆ ದಾರಿಯಿದ್ದೂ ಅಲಂಕಾರಕ್ಕಾಗಿ ಉಡುವವರದು ಯಾವುದು?

ರೇಷ್ಮೆಯನ್ನು ಮತ್ತೆ ಕೊಳ್ಳುತ್ತೇನೆಂದಲ್ಲ. ಅದೇ ಕೈ ಹತ್ತಿಯನ್ನೂ ನೇಯಬಲ್ಲದು. ಆದರೆ ಹತ್ತಿಗೆ ಮಜೂರಿ ಕಡಿಮೆ. ಮಗ್ಗವನ್ನು ಬದಲಿಸುವ ತಿಂಗಳುಗಳಲ್ಲಿ ಮನೆ ನಡೆಯಬೇಕು, ನೂಲು ಸ್ವಂತದ್ದಾಗಬೇಕು. ಸಾಹುಕಾರನ ಮುಂಗಡದಲ್ಲಿರುವವನಿಗೆ ಏನನ್ನು ನೇಯಬೇಕೆಂದು ಆರಿಸುವ ಸ್ವಾತಂತ್ರ್ಯವೆಲ್ಲಿ? ಸಂಘದ ಪೆಟ್ಟಿಗೆಯಲ್ಲಿ ಅವನ ಹೆಂಡತಿ ಕೂಡಿಟ್ಟ ಹಣವಿದ್ದರೆ ಕನಿಷ್ಠಪಕ್ಷ ಆ ಪ್ರಶ್ನೆಯನ್ನು ಅವನು ಕೇಳಿಕೊಳ್ಳಬಹುದು. ರೇಷ್ಮೆ ಬಿಟ್ಟರೆ ಮಾತ್ರ ನೆರವೆಂದು ನಾವು ಷರತ್ತು ಹಾಕಿದರೆ ಅದೂ ಒಂದು ಕಟ್ಟಿಹಾಕುವಿಕೆಯೇ. ಈ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಂದು ನೆಲೆಗೆ ಬಂದಿಲ್ಲ. ಬಲ್ಲವರು ಬರೆದರೆ ಉಪಕಾರವಾದೀತು.

ನಮ್ಮ ವ್ರತವಿಧಿಗಳಲ್ಲಿ ಬಡವರನ್ನು ಕುರಿತು ಒಂದು ಕರುಣೆಯ ನಿಯಮವಿದೆ. ನೋಂಪಿಯ ಅವಧಿ ಮುಗಿದ ಮೇಲೆ ಯಥಾಶಕ್ತಿ ಉದ್ಯಾಪನೆ ಮಾಡಬೇಕು; ಶಕ್ತಿಯಿಲ್ಲದವರು ಅದೇ ವ್ರತವನ್ನು ಇಮ್ಮಡಿ ಕಾಲ ಆಚರಿಸಿದರೆ ಸಾಕು. ಹಣವು ವ್ರತಕ್ಕೆ ಅಡ್ಡಿಯಾಗದಿರಲೆಂದು ಹಿರಿಯರು ಮಾಡಿದ ಏರ್ಪಾಡು ಅದು. ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದರ ವಿಪರ್ಯಾಸ. ವ್ರತ ಚಿಕ್ಕದಾಗುತ್ತಿದೆ, ಉದ್ಯಾಪನೆಯ ಮಂಟಪ ದೊಡ್ಡದಾಗುತ್ತಿದೆ. ಆ ಮಂಟಪದ ಖರ್ಚಿನ ಒಂದು ಪಾಲನ್ನು ಇಂಥ ಹಳ್ಳಿಯ ಸಂಘವೊಂದಕ್ಕೆ ಬಿತ್ತನೆ ಬೀಜದ ಸುತ್ತುನಿಧಿಯಾಗಿ, ಬಡ್ಡಿಯಿಲ್ಲದೆ, ಹೆಸರಿನ ಫಲಕವಿಲ್ಲದೆ, ಕೊಯ್ಲಿನ ನಂತರ ಸಂಘಕ್ಕೇ ಮರಳಿ ಮುಂದಿನ ವರ್ಷ ಇನ್ನೊಬ್ಬಳಿಗೆ ಸಲ್ಲುವಂತೆ ಕೊಟ್ಟರೆ ಹೇಗೆ? ಮಳೆ ಕೈಕೊಟ್ಟ ವರ್ಷ ಬೀಜ ಮರಳಿ ಬಾರದು. ಆಗ ಕೇಳಲು ಯಾರೂ ಹೋಗಬಾರ‍ದು. ಪರಿಗ್ರಹದ ಪರಿಮಾಣ ಮಾಡಿಕೊಂಡವರು ಮಿತಿ ಮೀರಿದ್ದನ್ನು ಏನು ಮಾಡುತ್ತಾರೆಂದು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಮಗನ ಹೆಸರಿಗೆ ಬರೆದಿಡುವವರನ್ನು ನಾನು ಬಲ್ಲೆ.

ಆ ಸಂಜೆಯ ಸಭೆ ಮುಗಿಯುವಾಗ ಕತ್ತಲಾಗಿತ್ತು. ಹಣವನ್ನು ಎರಡು ಸಲ ಎಣಿಸಿ, ಬ್ಯಾಂಕಿಗೆ ಒಯ್ಯಬೇಕಾದುದನ್ನು ಬೇರೆ ಕಟ್ಟಿ, ಪೆಟ್ಟಿಗೆಗೆ ಬೀಗ ಹಾಕಿದರು. ಪೆಟ್ಟಿಗೆ ಒಬ್ಬಳ ಮನೆಗೆ, ಬೀಗದ ಕೈ ಇನ್ನೊಬ್ಬಳ ಮನೆಗೆ. ನಾನು ಹೊರಡಲು ಎದ್ದಾಗ ಆ ತಾಯಿ ಮತ್ತೆ ಹತ್ತಿರ ಬಂದು, ಉಪವಾಸ ಯಾವಾಗ ಬಿಡುತ್ತೀರೆಂದು ಕೇಳಿದರು. ನಾಳೆ ಸೂರ್ಯೋದಯವಾದ ಮೇಲೆ ಎಂದೆ. ಅಷ್ಟು ಹೊತ್ತಿಗೆ ಚಳ್ಳಕೆರೆಯ ಬಸ್ಸು ಇಲ್ಲಿಗೇ ಬರುತ್ತದೆಯೆಂದು ಹೇಳಿ, ಸ್ವಲ್ಪ ಯೋಚಿಸಿ, ಅವರು ಕೇಳಿದರು:

"ನಿಮ್ಮೋರು ಬೆಳ್ಳುಳ್ಳಿ ತಿನ್ನಲ್ಲಂತೆ. ಶೇಂಗಾ ಚಟ್ನಿ ತಿಂತೀರಾ? ಬೆಳ್ಳುಳ್ಳಿ ಹಾಕ್ದಂಗೆ ಅರೀತೀನಿ. ಬಿಸಿ ರೊಟ್ಟಿ ತಟ್ಟಿರ್ತೀನಿ, ಬನ್ನಿ."